ಇಟ್ಟಿಗೆ ಗೂಡಿನ ಧೂಳಿಗೆ ಯಾವ ಕ್ಯಾಬಿನೆಟ್? 4000ಡಿ ಏರ್‌ಫ್ಲೋನಾ, ಲ್ಯಾನ್‌ಕೂಲ್ 216ಆ?

ಮಾಲೂರ್ ಹೆಂಚು:
ಎಲ್ಲರಿಗೂ ನಮಸ್ಕಾರ. ಹೊಸ ಪಿಸಿ ಜೋಡಿಸಬೇಕು. ಕ್ಯಾಬಿನೆಟ್ (ಭಾಗಗಳನ್ನೆಲ್ಲ ಕೂರಿಸೋ ಡಬ್ಬ) ಒಂದು ಬಿಟ್ಟು ಉಳಿದದ್ದೆಲ್ಲ ಗೊತ್ತಾಗಿದೆ: ರೈಜನ್ 7 7700 ಪ್ರೊಸೆಸರ್, ಬಿ650 ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡು, 32 ಜಿಬಿ ಡಿಡಿಆರ್5, ಮೂರು ಫ್ಯಾನಿನ ಆರ್‌ಟಿಎಕ್ಸ್ 4070 ಸೂಪರ್ ಗ್ರಾಫಿಕ್ಸ್ ಕಾರ್ಡು (ಉದ್ದ 308 ಮಿ.ಮೀ., ಎತ್ತರ 138), ಪ್ರೊಸೆಸರ್ ತಣಿಸೋ 155 ಮಿ.ಮೀ. ಎತ್ತರದ ಟವರ್ ಕೂಲರ್, 750 ವಾಟ್ ಎಸ್‌ಎಂಪಿಎಸ್ (ಕರೆಂಟು ಕೊಡೋ ಪವರ್ ಸಪ್ಲೈ), ಹಳೇ ದೊಡ್ಡ ಹಾರ್ಡ್‌ಡಿಸ್ಕ್ ಒಂದು. ಕೆಲಸ ವಿಡಿಯೋ ಎಡಿಟಿಂಗ್, ರಾತ್ರಿಯೆಲ್ಲ ರೆಂಡರ್‌ಗೆ ಬಿಡೋದು.

ಕೊನೆಗೆ ಉಳಿದಿರೋದು ಎರಡು: ಕೋರ್ಸೇರ್ 4000ಡಿ ಏರ್‌ಫ್ಲೋ, ಲಿಯಾನ್ ಲಿ ಲ್ಯಾನ್‌ಕೂಲ್ 216. ಮನೆ ಮಾಲೂರು ಹೊರಗೆ, ಎರಡು ಕಡೆ ಇಟ್ಟಿಗೆ ಗೂಡು, ಮುಂದೆ ಟಿಪ್ಪರ್ ಓಡಾಟ. ಬೆಳಗ್ಗೆ ಒರೆಸಿದ ಟೇಬಲ್ ಸಂಜೆಗೆ ಕೆಂಪಗಾಗಿರುತ್ತೆ. ಎಸಿ ಇಲ್ಲ, ಏಪ್ರಿಲಲ್ಲಿ ರೂಮು 35-36 ಡಿಗ್ರಿ. ಟೇಬಲ್ಲಿಗೆ ಸಿಪಿಯು ಇಡೋ ಗೂಡಿದೆ: ಎತ್ತರ 520, ಅಗಲ 260, ಆಳ 550 ಮಿ.ಮೀ., ಹಿಂದೆ ಪ್ಲೈವುಡ್ ಮುಚ್ಚಿದೆ. ಯಾವುದು ತಗೊಳ್ಳಲಿ?

ಚಿಂತಾಮಣಿ ಚಿಪ್:
ಮೊದಲು ಟೇಪು ಹಿಡಿಯೋಣ, ಗಾಳಿ ಮಾತು ಆಮೇಲೆ. 4000ಡಿ ಏರ್‌ಫ್ಲೋ ಆಳ 453, ಅಗಲ 230, ಎತ್ತರ 466 ಮಿ.ಮೀ. ಲ್ಯಾನ್‌ಕೂಲ್ 216 ಆಳ 480.9, ಅಗಲ 235, ಎತ್ತರ 491.7. ಲೀಟರಲ್ಲಿ ಹೇಳಬೇಕಂದ್ರೆ 48.6 ಮತ್ತು 55.6. ಕಾರ್ಡಿನ ಉದ್ದಕ್ಕೆ ಕೋರ್ಸೇರಲ್ಲಿ 360, ಲಿಯಾನ್ ಲಿಯಲ್ಲಿ 392. ಕೂಲರ್ ಎತ್ತರಕ್ಕೆ 170 ಮತ್ತು 180.5. ನಿಮ್ಮ 308, 155 ಎರಡರಲ್ಲೂ ನಿರಾಳವಾಗಿ ಕೂರುತ್ತೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಜನ ನೋಡದೇ ಬಿಡೋದು ಕಾರ್ಡಿನ ಎತ್ತರ, ಅಂದ್ರೆ ಬೋರ್ಡಿನಿಂದ ಗಾಜಿನ ಕಡೆಗೆ ಚಾಚಿಕೊಳ್ಳೋ ಅಳತೆ. ಕೂಲರ್‌ಗೆ ಕೊಟ್ಟ 170 ಪ್ರೊಸೆಸರ್ ಮೇಲ್ಮೈಯಿಂದ ಲೆಕ್ಕ. ಬೋರ್ಡಿನಿಂದ ಹಿಡಿದರೆ ಇನ್ನೊಂದು 7 ಸೇರಿಸಿ, ಸುಮಾರು 177. 138 ಎತ್ತರದ ಕಾರ್ಡಿನ ಅಂಚು ಬೋರ್ಡಿನಿಂದ ಸರಿಸುಮಾರು 140ರಲ್ಲಿ ನಿಲ್ಲುತ್ತೆ. ಗಾಜಿಗೆ ಉಳಿದ ಜಾಗ 35ರ ಆಸುಪಾಸು. ನಿಮ್ಮ ಕಾರ್ಡಿಗೆ 16 ಪಿನ್ನಿನ ಪವರ್ ಕನೆಕ್ಟರ್ ಇದ್ದರೆ, ಪ್ಲಗ್ಗಿನಿಂದ 35 ಮಿ.ಮೀ.ವರೆಗೆ ವೈರು ನೇರವಾಗಿರಬೇಕು, ಆಮೇಲೆ ಬಗ್ಗಿಸಬೇಕು ಅನ್ನೋದು ನಿಯಮ. 4000ಡಿಯಲ್ಲಿ ಬಗ್ಗೋದಕ್ಕೇ ಜಾಗ ಇರಲ್ಲ, ಗಾಜು ವೈರನ್ನ ಒತ್ತುತ್ತೆ. 216ರಲ್ಲಿ ಇನ್ನೊಂದು 10 ಮಿ.ಮೀ. ಸಿಗುತ್ತೆ. ಮಾಮೂಲಿ 8 ಪಿನ್ ಕನೆಕ್ಟರಿನ ಕಾರ್ಡಾದರೆ ಈ ತಾಪತ್ರಯ ಅಷ್ಟಿಲ್ಲ. ಯಾವುದು ಅಂತ ನೋಡಿ ಹೇಳಿ.

ಟೇಬಲ್ಲಿನ ಗೂಡಿನಲ್ಲಂತೂ ಎರಡನ್ನೂ ಇಡಬೇಡಿ. ಹಿಂದಿನ ಪ್ಲೈವುಡ್ಡಿಗೆ ಬಿಸಿಗಾಳಿ ಬಡಿದು ಪಕ್ಕದಿಂದ ಸುತ್ತಿ ಮತ್ತೆ ಮುಂದೆ ಬಂದು ಒಳಗೆ ಹೋಗುತ್ತೆ. ಅಲ್ಲೇ ಇಡಲೇಬೇಕು ಅಂದ್ರೆ ಪ್ಲೈವುಡ್ ಪೂರ್ತಿ ಕಿತ್ತುಹಾಕಿ, ಮುಂದೆ ಬಾಗಿಲಿದ್ದರೆ ಅದನ್ನೂ ತೆಗೆಸಿ. ಎಚ್‌ಡಿಎಂಐ, ಪವರ್ ವೈರು ಬಗ್ಗೋದಕ್ಕೆ ಹಿಂದೆ 60 ಮಿ.ಮೀ. ಬೇಕು. 216 ಆದರೆ 541 ಆಯ್ತು, ನಿಮ್ಮ ಆಳ 550.

ಶಿರಾ ಸ್ಕ್ರೂಡ್ರೈವರ್:
216 ತಗೊಳ್ಳಿ, ಯೋಚನೆ ಬೇಡ. ಕಾರಣ ಮುಂದಿನ ಫ್ಯಾನುಗಳು. ಅದರ ಜೊತೆಗೇ ಮುಂದೆ 160 ಮಿ.ಮೀ.ದು ಎರಡು, ಹಿಂದೆ 140ರದು ಒಂದು ಬರುತ್ತೆ. 4000ಡಿ ಏರ್‌ಫ್ಲೋದಲ್ಲಿ ಬರೋದು 120ರದು ಎರಡೇ. ರೆಕ್ಕೆ ತಿರುಗೋ ವಿಸ್ತೀರ್ಣ ಲೆಕ್ಕ ಹಾಕಿ: 160ರ ಎರಡು ಫ್ಯಾನಿಗೆ ಸುಮಾರು 402 ಚದರ ಸೆಂ.ಮೀ., 120ರ ಎರಡಕ್ಕೆ 226. ಅಷ್ಟೇ ಗಾಳಿಗೆ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೆ ಸಾಕು, ಸದ್ದೂ ಕಡಿಮೆ. ರಾತ್ರಿ ರೆಂಡರ್ ಹಾಕಿ ಅದೇ ರೂಮಲ್ಲಿ ಮಲಗೋರಿಗೆ ಇದು ದೊಡ್ಡ ವಿಷಯ.

ಬಿಸಿಯ ಲೆಕ್ಕವನ್ನೂ ಕೊಡ್ತೀನಿ. 4070 ಸೂಪರ್ 220 ವಾಟ್, 7700 ಪೂರ್ತಿ ದುಡಿದರೆ 88 ವಾಟ್, ಬೋರ್ಡು, ರ‍್ಯಾಮು, ಡಿಸ್ಕು, ಎಸ್‌ಎಂಪಿಎಸ್ ನಷ್ಟ ಎಲ್ಲ ಸೇರಿ 350 ಅಂತಿಟ್ಟುಕೊಳ್ಳಿ. ಒಳಗಿನ ಗಾಳಿ ಹೊರಗಿಗಿಂತ ಎಷ್ಟು ಡಿಗ್ರಿ ಏರುತ್ತೆ ಅನ್ನೋದಕ್ಕೆ ಸುಲಭ ಸೂತ್ರ: ವಾಟ್ ಗುಣಿಸು 1.8, ಭಾಗಿಸು ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹರಿಯುತ್ತೆ ಅನ್ನೋ ಅಳತೆ). ನಿಜವಾಗಿ 50 ಸಿಎಫ್‌ಎಂ ಹರಿದರೆ 12.6 ಡಿಗ್ರಿ, 80 ಹರಿದರೆ 8 ಡಿಗ್ರಿ ಹತ್ತಿರ. ನಿಮ್ಮ ರೂಮೇ 36 ಇದ್ದಾಗ ಈ ನಾಲ್ಕೈದು ಡಿಗ್ರಿ ಬಿಡೋ ಹಾಗಿಲ್ಲ. ಫ್ಯಾನಿನ ಡಬ್ಬದ ಮೇಲೆ ಬರೆದ ಸಿಎಫ್‌ಎಂ ಬಯಲಲ್ಲಿ ಅಳೆದದ್ದು. ಜಾಲರಿ, ಫಿಲ್ಟರ್, ವೈರು ಎಲ್ಲ ದಾಟಿ ಬರೋದು ಅದರ ಅರ್ಧದಷ್ಟು ಅಂತ ಹಿಡಿಯೋದೇ ಕ್ಷೇಮ.

ಕೆಜಿಎಫ್ ಮಾರಿಕುಪ್ಪಂ:
ಶಿರಾದವರೇ, ನಿಮ್ಮ ಸೂತ್ರ ಸರಿ, ಆದರೆ ಅದು ಅಂಗಡಿಯಿಂದ ತಂದ ದಿನದ ಲೆಕ್ಕ. ಇಲ್ಲಿ ಪ್ರಶ್ನೆ ಇಟ್ಟಿಗೆ ಧೂಳಿನದು. ಅದೇ 50 ಸಿಎಫ್‌ಎಂ ಫಿಲ್ಟರ್ ಕಟ್ಟಿಕೊಂಡು 25ಕ್ಕೆ ಇಳಿದರೆ ಏರಿಕೆ 25 ಡಿಗ್ರಿ. 36ರ ರೂಮಲ್ಲಿ ಕ್ಯಾಬಿನೆಟ್ ಒಳಗೆ 61. ಅಲ್ಲಿಗೆ 160 ಇದ್ದರೇನು, 200 ಇದ್ದರೇನು? ಆದ್ದರಿಂದ ಯಾವ ಕ್ಯಾಬಿನೆಟ್ಟಿನ ಫಿಲ್ಟರನ್ನ ಎರಡು ನಿಮಿಷದಲ್ಲಿ ಬಿಚ್ಚಿ ತೊಳೆಯಬಹುದೋ ಅದು ಗೆಲ್ಲುತ್ತೆ.

4000ಡಿ ಏರ್‌ಫ್ಲೋದಲ್ಲಿ ಮುಂದಿನ ತೂತಿನ ಉಕ್ಕಿನ ಫಲಕ ಎಳೆದರೆ ಬರುತ್ತೆ. ಅದರ ಹಿಂದೆ ಪ್ಲಾಸ್ಟಿಕ್ ಚೌಕಟ್ಟಿನ ನೈಲಾನ್ ಫಿಲ್ಟರ್ ಬೇರೆಯಾಗೇ ಇದೆ. ಮೇಲ್ಗಡೆ ಅಯಸ್ಕಾಂತದ ಫಿಲ್ಟರ್, ಎಸ್‌ಎಂಪಿಎಸ್ ಕೆಳಗೆ ಇನ್ನೊಂದು. 216ರಲ್ಲಿ ಮುಂದಿನ ಸಣ್ಣ ಕಣ್ಣಿನ ಜಾಲರಿಯೇ ಫಿಲ್ಟರ್ ಕೆಲಸ ಮಾಡಬೇಕು, ಹಿಂದೆ ನೈಲಾನ್ ಹಾಳೆ ಇಲ್ಲ. ಶುದ್ಧ ಗಾಳಿ ಇರೋ ಊರಿಗೆ ಅದೇ ಒಳ್ಳೇದು, ಅಡ್ಡಿ ಕಡಿಮೆ. ನಮ್ಮ ಕಡೆ ಆಷಾಢದ ಗಾಳಿಗೆ ಸೈನೈಡ್ ಗುಡ್ಡದ (ಹಳೇ ಚಿನ್ನದ ಗಣಿಯ ತ್ಯಾಜ್ಯದ ರಾಶಿ) ಪುಡಿ ಏಳುತ್ತಲ್ಲ, ನಿಮ್ಮ ಕಡೆ ಇಟ್ಟಿಗೆ ಗೂಡಿನ ಬೂದಿ, ಜೇಡಿ ಪುಡಿ. ಅಂಥದ್ದಕ್ಕೆ ಒಂದು ಪದರ ಸಾಲದು.

ತೊಳೆಯೋದರಲ್ಲೂ ಒಂದು ಕ್ರಮ ಇದೆ. ಇಟ್ಟಿಗೆ ಧೂಳು ಅಂದ್ರೆ ಜೇಡಿಮಣ್ಣು. ನೇರ ನಲ್ಲಿ ಕೆಳಗೆ ಹಿಡಿದರೆ ಕೆಸರಾಗಿ ಕಣ್ಣಲ್ಲಿ ಮೆತ್ತಿಕೊಳ್ಳುತ್ತೆ, ಒಣಗಿದ ಮೇಲೆ ಉಜ್ಜಿದರೂ ಬರಲ್ಲ. ಮೊದಲು ಒಣಗಿದ್ದಾಗಲೇ ಅಂಗಳದಲ್ಲಿ ತಿರುವಿ ತಟ್ಟಿ, ಮೆತ್ತನೆ ಪೇಂಟ್ ಬ್ರಷ್ಷಲ್ಲಿ ಗುಡಿಸಿ. ಆಮೇಲೆ ಫ್ಯಾನಿನ ಕಡೆಗಿದ್ದ ಮುಖದಿಂದ ನೀರು ಬಿಡಿ, ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗಲಿ. ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ತೆಳು ಚೌಕಟ್ಟು ಸೊಟ್ಟಗಾಗಿ ಅಂಚಲ್ಲಿ ಸಂದಿ ಬೀಳುತ್ತೆ. ನಿಮ್ಮ ಜಾಗಕ್ಕೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ.

ಬಂಗಾರಪೇಟೆ ಜಂಕ್ಷನ್:
ಹೆಸರಲ್ಲಿ ಎಡವಬೇಡಿ. 4000ಡಿ ಬೇರೆ, 4000ಡಿ ಏರ್‌ಫ್ಲೋ ಬೇರೆ. ಬರೀ 4000ಡಿಗೆ ಮುಂದೆ ತೂತಿಲ್ಲದ ಉಕ್ಕಿನ ಹಲಗೆ, ಗಾಳಿ ಪಕ್ಕದ ಸಂದಿಯಿಂದ ಬರಬೇಕು. 2025ರಲ್ಲಿ ಬಂದ ಫ್ರೇಮ್ 4000ಡಿ ಮೂರನೇದು, ಅದರ ಒಳಗಿನ ಅಳತೆಯೇ ಬೇರೆ. ಲಿಯಾನ್ ಲಿ ಕಡೆಯೂ 215, 216 ಎರಡಿವೆ, 215ಕ್ಕೆ ಮುಂದೆ 200ರ ಫ್ಯಾನು. ಬಿಲ್ಲಲ್ಲಿ ಪೂರ್ತಿ ಹೆಸರು ಬರೆಸಿ.

ಮಾಲೂರ್ ಹೆಂಚು:
ಚಿಂತಾಮಣಿಯವರೇ, ಕಾರ್ಡ್ ನೋಡಿದೆ. 8 ಪಿನ್ನಿನ ಎರಡು ಸಾಕೆಟ್, 16 ಪಿನ್ ಅಲ್ಲ. ಕೆಜಿಎಫ್ ಸಾರ್ ಹೇಳಿದ್ದು ಮನಸ್ಸಿಗೆ ಬಂತು. ಆದರೆ 216 ತಗೊಂಡು ಒಳಗೆ ಸೊಳ್ಳೆ ಪರದೆ ಬಟ್ಟೆ ಕತ್ತರಿಸಿ ಅಂಟಿಸಿದರೆ ಎರಡೂ ಲಾಭ ಸಿಗಲ್ವಾ?

ಕೆಜಿಎಫ್ ಮಾರಿಕುಪ್ಪಂ:
ಸೊಳ್ಳೆ ಪರದೆ ಸೊಳ್ಳೆಯನ್ನ ಮಾತ್ರ ತಡೆಯುತ್ತೆ. ಅದರ ಕಣ್ಣು ಮಿಲಿಮೀಟರಿನ ಹತ್ತಿರ, ಜೇಡಿ ಪುಡಿ ಅದರಲ್ಲಿ ಸರಾಗವಾಗಿ ಹೋಗುತ್ತೆ. ಕೆಲವರು ಕಾಲುಚೀಲದ ತೆಳು ಬಟ್ಟೆ ಎಳೆದು ಕಟ್ಟುತ್ತಾರೆ, ಅದು ಧೂಳಿನ ಜೊತೆ ಗಾಳಿಯನ್ನೂ ನಿಲ್ಲಿಸುತ್ತೆ. ಫ್ಯಾನಿಗೆಂದೇ ನೈಲಾನ್ ಫಿಲ್ಟರ್ ಹಾಳೆ ಮಾರ್ತಾರೆ, ಅದನ್ನ ಫಲಕದ ಒಳಮುಖಕ್ಕೆ ಅಂಚಿನ ಸುತ್ತ ಸಂದಿಯಿಲ್ಲದ ಹಾಗೆ ಕೂರಿಸಿದರೆ 216 ಕೂಡ ನಡೆಯುತ್ತೆ. ಸಂದಿ ಬಿಟ್ಟರೆ ಗಾಳಿಯೆಲ್ಲ ಸಂದಿಯಿಂದಲೇ ನುಗ್ಗುತ್ತೆ, ಹಾಳೆ ಲೆಕ್ಕಕ್ಕಿಲ್ಲ.

ಶಿರಾ ಸ್ಕ್ರೂಡ್ರೈವರ್:
ಅಂಟಿಸೋ ತಾಳ್ಮೆ ಇದ್ದರೆ ನನ್ನ ಓಟು ಈಗಲೂ 216ಕ್ಕೇ. ಇಲ್ಲದಿದ್ದರೆ 4000ಡಿ ಏರ್‌ಫ್ಲೋ, ಆದರೆ ಬಂದ ಹಾಗೇ ಓಡಿಸಬೇಡಿ. ಅದರ ಎರಡು ಫ್ಯಾನಲ್ಲಿ ಒಂದು ಮುಂದೆ, ಒಂದು ಹಿಂದೆ ಇರುತ್ತೆ. ನಿಮ್ಮ ಧೂಳಿಗೆ ಇದು ಸಾಲದು. ಮುಂದೆ 120ರದು ಮೂರು ಹಿಡಿಸುತ್ತೆ, ಆದ್ದರಿಂದ ಒಂದೇ ಥರದ ಹೊಸ ಫ್ಯಾನು ಎರಡು ತಂದು ಮುಂದೆ ಮೂರು ಮಾಡಿ, ಹಿಂದೆ ಒಂದೇ ಇರಲಿ. ಮೇಲ್ಗಡೆ ಫ್ಯಾನೇ ಬೇಡ. ಮುಂದಿನ ಮೂರನ್ನು ನಿಮಿಷಕ್ಕೆ 900 ಸುತ್ತು, ಹಿಂದಿನದನ್ನು 700ರಲ್ಲಿ ಓಡಿಸಿ. ಒಳಗೆ ಹೋಗೋ ಗಾಳಿ ಹೊರಗೆ ಎಳೆಯೋ ಗಾಳಿಗಿಂತ ಹೆಚ್ಚಿದ್ದರೆ ಸಂದಿಗೊಂದಿಯಿಂದ ಗಾಳಿ ಹೊರಗೆ ತಳ್ಳಿಕೊಂಡು ಬರುತ್ತೆ, ಧೂಳು ಒಳಗೆ ಬರೋಕೆ ಫಿಲ್ಟರ್ ಒಂದೇ ದಾರಿ. ಉಲ್ಟಾ ಆದರೆ ಕಾರ್ಡಿನ ಸ್ಲಾಟ್ ಸಂದಿಯಿಂದ, ಯುಎಸ್‌ಬಿ ತೂತಿನಿಂದ ಕೂಡ ಧೂಳು ಹೀರುತ್ತೆ. ಹಾಗೇ ನಡೀತಿದೆಯಾ ಅಂತ ತಿಳಿಯೋಕೆ ಹಿಂದಿನ ಸ್ಲಾಟ್ ಪಟ್ಟಿಗಳ ಹತ್ತಿರ ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಗೆ ಎಳೆದರೆ ಹಿಂದಿನ ಫ್ಯಾನ್ ಇನ್ನೂ ಇಳಿಸಿ.

3 ಪಿನ್ನಿನ ಫ್ಯಾನಾದರೆ ಬಯಾಸಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಅದನ್ನು ಚುಚ್ಚಿದ ಹೆಡರನ್ನು (ಬೋರ್ಡಿನ ಪಿನ್ನಿನ ಸಾಕೆಟ್) ಡಿಸಿ ಮೋಡಿಗೆ, ಅಂದ್ರೆ ವೋಲ್ಟೇಜ್ ಇಳಿಸಿ ವೇಗ ತಗ್ಗಿಸೋ ವಿಧಾನಕ್ಕೆ ಹಾಕಬೇಕು. ನಾಲ್ಕನೇ ಪಿನ್ನಿನ ಸಿಗ್ನಲ್ಲಿಂದ ವೇಗ ಹಿಡಿಯೋ ಪಿಡಬ್ಲ್ಯುಎಂ ಮೋಡಲ್ಲಿ ಬಿಟ್ಟರೆ 3 ಪಿನ್ ಫ್ಯಾನು ಸದಾ ಪೂರ್ತಿ ವೇಗದಲ್ಲೇ ಕಿರುಚುತ್ತೆ. ಬೋರ್ಡಿನ ಫ್ಯಾನ್ ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತೆ, 120ರ ಫ್ಯಾನು 0.2-0.3 ಎಳೆಯುತ್ತೆ, ಮೂರನ್ನು ಒಂದೇ ಸ್ಪ್ಲಿಟರಲ್ಲಿ (ಒಂದು ಹೆಡರಿಂದ ಹಲವು ಫ್ಯಾನಿಗೆ ಹಂಚೋ ವೈರು) ಕೊಡಬಹುದು. ಮೂರೂ ಒಂದೇ ಜಾತಿಯವಾಗಿರಲಿ, 3 ಪಿನ್ನು 4 ಪಿನ್ನು ಬೆರೆಸಬೇಡಿ.

ಇನ್ನೊಂದು. ನಾಳೆ ಲಿಕ್ವಿಡ್ ಕೂಲರ್ ಹಾಕೋ ಆಸೆ ಇದ್ದರೆ ಈಗಲೇ ಹೇಳಿ. 4000ಡಿಯಲ್ಲಿ 360 ಮಿ.ಮೀ. ರೇಡಿಯೇಟರ್ (ಲಿಕ್ವಿಡ್ ಕೂಲರಿನ ಫ್ಯಾನು ಕೂರೋ ಜಾಲರಿ) ಮುಂದೆ ಮಾತ್ರ, ಮೇಲೆ 240 ಅಥವಾ 280. 216ರಲ್ಲಿ 360 ಮೇಲೂ ಕೂರುತ್ತೆ. 7700ಕ್ಕೆ ಅದರ ಅಗತ್ಯ ಖಂಡಿತ ಇಲ್ಲ.

ಅರ್ಥಿಂಗ್ ಅಕ್ಕ, ತುಮಕೂರು:
ಎಲ್ಲರೂ ಗಾಳಿ ಹಿಡಿದು ಕೂತಿದ್ದೀರಿ, ಕರೆಂಟಿನ ಮಾತೇ ಇಲ್ಲ. ಎರಡೂ ಉಕ್ಕಿನ ಡಬ್ಬಗಳು. ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತೆ. ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಹೊತ್ತುಕೊಂಡು ಹೋಗೋರು ಬಹಳ ಜನ. ಅದು ಕೆಟ್ಟಿರಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಬಾಡಿಗೆ ಜೋಡಿಸಿರುತ್ತವೆ, ಅರ್ಥ್ ಇಲ್ಲದಾಗ ಬಾಡಿ ಅರ್ಧ ವೋಲ್ಟೇಜಿಗೆ, ಅಂದ್ರೆ 115ರ ಸುಮಾರಿಗೆ ತೇಲುತ್ತೆ. ಕರೆಂಟು ತೀರಾ ಅಲ್ಪ, ಆದರೂ ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲನ್ನ ಟಿವಿಗೆ ಚುಚ್ಚಿದರೆ ಪೋರ್ಟು ಸುಡಬಹುದು.

ಮಲ್ಟಿಮೀಟರನ್ನ ಎಸಿ ವೋಲ್ಟಿಗೆ ಇಟ್ಟು ಸಾಕೆಟ್ ನೋಡಿ. ಫೇಸ್‌ಗೂ ನ್ಯೂಟ್ರಲ್‌ಗೂ ಬರೋದೇ ಫೇಸ್‌ಗೂ ಅರ್ಥ್‌ಗೂ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬಂದರೆ ವೈರಿಂಗ್‌ನೋರನ್ನ ಕರೆಸಿ. ಕೋಲಾರದ ಕಡೆ ಒಣಭೂಮಿ, ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ರೆಸಿಸ್ಟೆನ್ಸ್ ಏರುತ್ತೆ. ಗುಂಡಿಗೆ ನೀರು ಹಾಕೋದನ್ನ ಮರೀಬೇಡಿ. ಮೂರು ಪಿನ್ನನ್ನ ಎರಡು ಪಿನ್ ಮಾಡೋ ಅಡಾಪ್ಟರ್ ಮಾತ್ರ ಯಾವ ಕಾರಣಕ್ಕೂ ಬೇಡ.

ಮಾಲೂರ್ ಹೆಂಚು:
ಅಕ್ಕಾ, ಇವತ್ತೇ ನೋಡ್ತೀನಿ. 4000ಡಿ ಏರ್‌ಫ್ಲೋಗೇ ಮನಸ್ಸು ಮಾಡಿದೆ, ಶಿರಾದವರು ಬೇಜಾರು ಮಾಡ್ಕೋಬಾರದು. ಬೆಂಗಳೂರಿನ ಎಸ್‌ಪಿ ರೋಡಿಂದ ತಂದು ಮನೆಯಲ್ಲೇ ಜೋಡಿಸೋದು. ಈ ಕ್ಯಾಬಿನೆಟ್ಟಲ್ಲಿ ಎಲ್ಲಿ ಎಡವಟ್ಟಾಗುತ್ತೆ ಹೇಳಿ.

ಚಿಂತಾಮಣಿ ಚಿಪ್:
ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ ಗಾಜಿನ ನಾಲ್ಕು ಮೂಲೆ ನೋಡಿ, ಸ್ಕ್ರೂ ಪೊಟ್ಟಣ ಇದೆಯಾ ನೋಡಿ, ಅದೇ ಥರ್ಮೋಕೋಲಲ್ಲಿ ವಾಪಸ್ ಪ್ಯಾಕ್ ಮಾಡಿಸಿ. ಬಂಗಾರಪೇಟೆ ಕಡೆ ರೈಲಲ್ಲಿ ತರೋದಾದರೆ ಡಬ್ಬವನ್ನ ನೆಟ್ಟಗೆ ನಿಲ್ಲಿಸಿ, ಗಾಜಿನ ಮಗ್ಗುಲು ಕೆಳಗೆ ಬರೋ ಹಾಗೆ ಮಲಗಿಸಬೇಡಿ. ಮನೆಗೆ ಬಂದಮೇಲೆ ಮೊದಲ ಕೆಲಸ ಗಾಜು ಬಿಚ್ಚಿ ಹಾಸಿಗೆ ಮೇಲೆ ಮಲಗಿಸೋದು. ಟಫನ್ಡ್ ಗಾಜಿನ ಮುಖಕ್ಕೆ ಗುದ್ದಿದರೂ ತಡೆಯುತ್ತೆ, ಆದರೆ ಅದರ ಮೂಲೆ ಟೈಲ್ಸ್ ಅಥವಾ ಗ್ರಾನೈಟ್ ನೆಲಕ್ಕೆ ಮೆಲ್ಲಗೆ ತಾಗಿದರೂ ಪೂರ್ತಿ ಪುಡಿಪುಡಿ. ಒರಗಿಸಿ ನಿಲ್ಲಿಸೋದಂತೂ ಬೇಡವೇ ಬೇಡ. ನೆಲಕ್ಕೆ ಜಮಖಾನ ಹಾಸಿಕೊಂಡು ಕೂತು ಕೆಲಸ ಮಾಡಿ.

ನಿಮ್ಮದು ಮೈಕ್ರೋ ಎಟಿಎಕ್ಸ್ ಬೋರ್ಡು, 244 ಮಿ.ಮೀ. ಚೌಕ. ಕ್ಯಾಬಿನೆಟ್ಟಲ್ಲಿ ಹಿತ್ತಾಳೆ ಸ್ಟ್ಯಾಂಡಾಫುಗಳನ್ನ (ಬೋರ್ಡು ಕೂರೋ ಗಿಡ್ಡ ಕಂಬಗಳು) 305 ಉದ್ದದ ಎಟಿಎಕ್ಸ್‌ಗೆ ಹೊಂದಿಸಿ ಕೂರಿಸಿರ್ತಾರೆ. ಕೆಳಸಾಲು ನಿಮ್ಮ ಬೋರ್ಡಿನ ಆಚೆ ಉಳಿಯುತ್ತೆ. ಅದನ್ನ ಬಿಚ್ಚಿ ಮೈಕ್ರೋ ಎಟಿಎಕ್ಸ್ ತೂತಿಗೆ ತನ್ನಿ, ಇಲ್ಲದಿದ್ದರೆ ಬೋರ್ಡಿನ ಕೆಳ ಅಂಚಿಗೆ ಆಧಾರವೇ ಇರಲ್ಲ, ಅಲ್ಲಿ ಯುಎಸ್‌ಬಿ ಪ್ಲಗ್ ಒತ್ತಿದಾಗ ಬೋರ್ಡು ಬಾಗುತ್ತೆ. ತೂತಿಲ್ಲದ ಕಡೆ ಸ್ಟ್ಯಾಂಡಾಫ್ ಬಿಟ್ಟರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟು.

ಸ್ಕ್ರೂ ಎರಡು ಜಾತಿ. ಒರಟು ಥ್ರೆಡ್ಡಿನದು 6-32, ಎಸ್‌ಎಂಪಿಎಸ್ಸಿಗೂ ದೊಡ್ಡ ಹಾರ್ಡ್‌ಡಿಸ್ಕಿಗೂ. ನುಣ್ಣನೆ ಥ್ರೆಡ್ಡಿನದು ಎಂ3, ಸಾಟಾ ಎಸ್‌ಎಸ್‌ಡಿಗೆ. ಬೋರ್ಡಿನ ಸ್ಟ್ಯಾಂಡಾಫಿಗೆ ಯಾವುದು ಅಂತ ಕೈಯಲ್ಲೇ ತಿರುಗಿಸಿ ನೋಡಿ, ಮೂರು ಸುತ್ತು ಬೆರಳಲ್ಲೇ ಹೋಗಬೇಕು. ಬಿಗಿ ಅನ್ನಿಸಿದರೆ ಅದು ತಪ್ಪು ಸ್ಕ್ರೂ, ಸ್ಕ್ರೂಡ್ರೈವರ್ ಹಾಕಿ ಬಲವಂತ ಮಾಡಿದರೆ ಥ್ರೆಡ್ ಸವೆದು ಸ್ಟ್ಯಾಂಡಾಫ್ ಸಮೇತ ತಿರುಗುತ್ತೆ.

ಪ್ರೊಸೆಸರಿನ 8 ಪಿನ್ ವೈರನ್ನ ಕೂಲರ್ ಕೂರಿಸೋ ಮುಂಚೆಯೇ ಎಡಮೂಲೆ ತೂತಿಂದ ಎಳೆದು ಚುಚ್ಚಿ. ಟವರ್ ಕೂತಮೇಲೆ ಅಲ್ಲಿ ಬೆರಳು ಹೋಗಲ್ಲ. ಮುಂದಿನ ಯುಎಸ್‌ಬಿಯ 19 ಪಿನ್ ಪ್ಲಗ್ ಒರಟು ಪ್ರಾಣಿ: ಪ್ಲಗ್ಗಿನ ಉಬ್ಬನ್ನ ಸಾಕೆಟ್ಟಿನ ಕಚ್ಚಿಗೆ ಸರಿಯಾಗಿ ಹಿಡಿದು ನೇರ ಒತ್ತಿ, ಅಲ್ಲಾಡಿಸಿದರೆ ಬೋರ್ಡಿನ ಪಿನ್ ಮಲಗುತ್ತೆ. ಮುಂದಿನ ಯುಎಸ್‌ಬಿ ಸಿ ಪೋರ್ಟು ಕೆಲಸ ಮಾಡಬೇಕಂದ್ರೆ ಬೋರ್ಡಲ್ಲಿ ಅದರ ವೈರಿಗೆಂದೇ ಇರೋ ಟೈಪ್ ಇ ಹೆಡರ್ ಇರಬೇಕು. ಕಡಿಮೆ ಬೆಲೆಯ ಬಿ650 ಬೋರ್ಡುಗಳಲ್ಲಿ ಎಲ್ಲದರಲ್ಲೂ ಇರಲ್ಲ, ಕೈಪಿಡಿ ನೋಡಿ. ಪವರ್ ಸ್ವಿಚ್ಚಿನ ವೈರಿಗೆ ಪ್ಲಸ್ ಮೈನಸ್ ಇಲ್ಲ, ಎಲ್‌ಇಡಿಗೆ ಇದೆ.

ಬಂಗಾರಪೇಟೆ ಜಂಕ್ಷನ್:
ಬಳಸದ ಸ್ಲಾಟುಗಳ ಹಿಂದಿನ ಪಟ್ಟಿ ಬಿಸಾಡಬೇಡಿ. ಅಲ್ಲಿಂದಲೇ ಹಲ್ಲಿ ನುಗ್ಗೋದು. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗ್ ಹೋಗುತ್ತೆ. ಪಂಕ್ಚರ್ ಅಂಗಡಿ ಕಂಪ್ರೆಸರ್ ಬೇಡ, ಅದರ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತೆ.

ಮಾಲೂರ್ ಹೆಂಚು:
ಬರ್ಕೊಂಡೆ. ತರಬೇಕಾದ್ದು: 4000ಡಿ ಏರ್‌ಫ್ಲೋ, 120ರ ಫ್ಯಾನ್ ಎರಡು, ಫ್ಯಾನ್ ಸ್ಪ್ಲಿಟರ್ ಎರಡು, ವೆಲ್ಕ್ರೋ ಪಟ್ಟಿ, ಕೆಳಗಿಡೋಕೆ ಚಕ್ರದ ಸ್ಟ್ಯಾಂಡ್. ಗೂಡಿನ ಪ್ಲೈವುಡ್ಡನ್ನ ಭಾನುವಾರ ಕೀಳಿಸ್ತೀನಿ.

ಶಿರಾ ಸ್ಕ್ರೂಡ್ರೈವರ್:
ಬೇಜಾರೇನಿಲ್ಲ ಗುರು. ಸ್ಪ್ಲಿಟರ್ ಒಂದೇ ಸಾಕು, ಒಂದಕ್ಕೆ ಮೂರು ಬಾಯಿ ಇರೋದು ಕೇಳಿ. ಹಿಂದಿನ ಫ್ಯಾನು ನೇರ ಬೋರ್ಡಿಗೇ ಹೋಗಲಿ, ಆಗಲೇ ಅದರ ವೇಗ ಬೇರೆಯಾಗಿ ಇಳಿಸೋಕೆ ಬರೋದು. ಕ್ಯಾಬಿನೆಟ್ ಜೊತೆ ಬಂದ ಫ್ಯಾನಿಗೆ ಎಷ್ಟು ಪಿನ್ ಅಂತ ಅಂಗಡಿಯಲ್ಲೇ ಎಣಿಸಿ, ಹೊಸ ಎರಡನ್ನೂ ಅದೇ ಪಿನ್ನಿನದ್ದು ತಗೊಳ್ಳಿ.

ಕೆಜಿಎಫ್ ಮಾರಿಕುಪ್ಪಂ:
ಚಕ್ರದ ಸ್ಟ್ಯಾಂಡು ಮಧ್ಯೆ ಖಾಲಿ ಇರೋದನ್ನ ನೋಡಿ ತನ್ನಿ. ಪೂರ್ತಿ ಹಲಗೆಯದ್ದಾದರೆ ಎಸ್‌ಎಂಪಿಎಸ್ ಫ್ಯಾನಿಗೆ ಕೆಳಗಿಂದ ಗಾಳಿ ಸಾಲದು. ಸ್ಟ್ಯಾಂಡಿಗೆ ಎತ್ತೋ ಮುಂಚೆ ಅದರ ಎತ್ತರವನ್ನೂ 466ಕ್ಕೆ ಕೂಡಿ ನೋಡಿ, ನಿಮ್ಮ ಗೂಡು 520.